ಕಾರಿನ ಕಪ್ಪು ಅಂಚು ಬೂದಿಯಾಯಿತೆ?

ಹೊಸ ಕಾರು ಮನೆಗೆ ಬಂದ ದಿನದ ಸಡಗರ ಕೇಳಬೇಕೆ! ಚಕ್ರದಡಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಅರಿಶಿನ ಕುಂಕುಮ, ಮುಂದಕ್ಕೊಂದು ಸೇವಂತಿಗೆ ಹಾರ. ನಾಲ್ಕೈದು ಬೇಸಿಗೆ ಕಳೆಯಲಿ, ಆಗ ನೋಡಿ. ಮೈಬಣ್ಣ ಇನ್ನೂ ಪಳಪಳ ಅನ್ನುತ್ತಿರುತ್ತದೆ. ಆದರೆ ಬಂಪರು, ಬಾಗಿಲ ಮಗ್ಗುಲಿನ ಉದ್ದ ಪಟ್ಟಿ, ಪಕ್ಕದ ಕನ್ನಡಿಯ ಗೂಡು, ವೈಪರಿನ ಬುಡದ ಜಾಲರಿ, ಬಾಗಿಲ ಹಿಡಿ, ಕಪ್ಪಗೆ ಮಿಂಚುತ್ತಿದ್ದ ಇವೆಲ್ಲ ಒಲೆಯ ಬೂದಿ ಮೆತ್ತಿದಂತೆ ಬಿಳಿಚಿಕೊಂಡಿರುತ್ತವೆ. ಒಳ್ಳೆ ರೇಷ್ಮೆ ಸೀರೆಗೆ ಬಣ್ಣ ಹೋದ ಅಂಚು ಇದ್ದ ಹಾಗೆ!

"ಅಯ್ಯೋ, ಕಾರಿನ ವಿಷಯ ಗಂಡಸರಿಗೆ ಬಿಡ್ರೀ" ಅಂತೀರಾ? ಇದು ಮೆಕ್ಯಾನಿಕ್ಕಿನ ಕೆಲಸವೇ ಅಲ್ಲ. ಹಿತ್ತಾಳೆ ಬೆಳಗಿ, ಹೊಸಿಲು ಸಾರಿಸಿ, ಮರದ ಬಾಗಿಲಿಗೆ ಎಣ್ಣೆ ಒರೆಸಿ ಪಳಗಿದ ಕೈಗೆ ಹೇಳಿ ಮಾಡಿಸಿದ ಕೆಲಸ. ಅಲ್ಲದೆ ಈಗ ಸಣ್ಣ ಊರುಗಳಲ್ಲೂ ಮಕ್ಕಳನ್ನು ಶಾಲೆಗೆ ಬಿಡಲು, ಸಂತೆಗೆ ಹೋಗಿಬರಲು ತಾವೇ ಸ್ಟಿಯರಿಂಗ್ ಹಿಡಿಯುವ ಸೋದರಿಯರಿಗೇನು ಕಡಿಮೆಯೆ? ಓಡಿಸುವವರಿಗೆ ಅದರ ಆರೈಕೆಯೂ ಗೊತ್ತಿರಲಿ.

ಇದು ಕೊಳೆಯಲ್ಲ

ಮೊದಲು ತಿಳಿಯಬೇಕಾದ ಸಂಗತಿ ಇದು. ಬಿಳಿಚಿದ ಬಂಪರನ್ನು ನೋಡಿದೊಡನೆ ಕೊಳೆ ಕೂತಿದೆ ಎಂದು ಸೋಪಿನ ಪುಡಿ ಹಾಕಿ ಗಸಗಸ ಉಜ್ಜುತ್ತೇವೆ. ಒದ್ದೆ ಇರುವಾಗ ಕಪ್ಪಗೆ ಕಾಣುತ್ತದೆ, "ಹೋಯ್ತು ನೋಡಿ" ಅಂದುಕೊಳ್ಳುತ್ತೇವೆ. ಒಣಗಿದ ಮೇಲೆ ಮತ್ತೆ ಅದೇ ಬೂದಿ.

ಬಹುಪಾಲು ಬಂಪರುಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಪೆಟ್ಟು ತಾಳಲೆಂದು ಅದಕ್ಕೆ ಸ್ವಲ್ಪ ರಬ್ಬರು ಬೆರೆಸಿರುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಇದು ನಿಮ್ಮ ಮನೆಯದೇ ವಸ್ತು. ಅಡಿಗೆಮನೆಯ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ ನೋಡಿ: ತ್ರಿಕೋನದ ನಡುವೆ 5 ಎಂಬ ಅಂಕಿ ಇದ್ದರೆ ಅದು ಇದೇ ಪ್ಲಾಸ್ಟಿಕ್ಕು. ಮದುವೆಮನೆಗಳಲ್ಲಿ ಸಾಲಾಗಿ ಹಾಕುವ ಅಚ್ಚಿನ ಕುರ್ಚಿಯೂ ಸಾಮಾನ್ಯವಾಗಿ ಇದರದೇ. ಇಂಥ ಪ್ಲಾಸ್ಟಿಕ್ಕನ್ನು ಬಳಕೆಗೆ ತಂದ ಸಂಶೋಧನೆಗಾಗಿ ಇಟಲಿಯ ಜೂಲಿಯೊ ನಟ್ಟಾ ಅವರಿಗೆ ಜರ್ಮನಿಯ ಕಾರ್ಲ್ ಝೀಗ್ಲರ್ ಜೊತೆಯಲ್ಲಿ 1963ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಪ್ಲಾಸ್ಟಿಕ್ಕಿನ ಪರಮ ವೈರಿ ಬಿಸಿಲು. ಮಾಳಿಗೆಯ ಮೇಲೆ ಬಿಟ್ಟ ಕೆಂಪು ಕುರ್ಚಿ ಎರಡು ಬೇಸಿಗೆಗೆ ಗುಲಾಬಿಯಾಗಿ, ಕೈಯಿಟ್ಟರೆ ಸುಣ್ಣದಂತೆ ಪುಡಿ ಅಂಟಿ, ಒಂದು ದಿನ ದಪ್ಪನೆಯ ನೆಂಟರು ಕೂತಾಗ ಲಟಕ್ಕನೆ ಮುರಿಯುವುದಿಲ್ಲವೆ? ಬಟ್ಟೆ ಒಣಹಾಕುವ ಕ್ಲಿಪ್ಪು ಬೆರಳಲ್ಲೇ ಪುಡಿಯಾಗುವುದೂ ಹೀಗೇ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದುದ್ದ ಎಳೆಗಳನ್ನು ತುಂಡರಿಸುತ್ತವೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಂಥ ಬಿರುಕುಗಳೇಳುತ್ತವೆ.

ಕಾರಿನವರು ಇದಕ್ಕೊಂದು ಉಪಾಯ ಮಾಡಿರುತ್ತಾರೆ. ಬಂಪರಿಗೆ ಕಪ್ಪು ಬಣ್ಣ ಕೊಡುವುದು ಇಂಗಾಲದ ನುಣ್ಣನೆ ಪುಡಿ; ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ಕಟ್ಟಿಸುತ್ತಿದ್ದ ಕಾಡಿಗೆಯ ಜಾತಿಯದೇ ಅನ್ನಿ. ಅದು ಬಣ್ಣಕ್ಕಷ್ಟೇ ಅಲ್ಲ, ಬಿಸಿಲನ್ನು ತಾನು ನುಂಗಿ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಅದಕ್ಕೇ ಕಪ್ಪು ಬಂಪರು ಕೆಂಪು ಕುರ್ಚಿಗಿಂತ ಹೆಚ್ಚು ದಿನ ಬಾಳುವುದು. ಆದರೂ ಎಷ್ಟು ದಿನ ತಡೆದೀತು? ಮೇಲ್ಪದರ ಸವೆದೇ ಸವೆಯುತ್ತದೆ. ನಡುಹಗಲಿನ ಬಿಸಿಲು ನೇರ ಬೀಳುವ ಭಾಗಗಳು, ಅಂದರೆ ವೈಪರಿನ ಬುಡ, ಬಂಪರಿನ ಮೇಲಂಚು, ಕನ್ನಡಿಗೂಡಿನ ನೆತ್ತಿ, ಇವು ಮೊದಲು ಬಿಳಿಚುತ್ತವೆ.

ಬಿಳಿಚಿದರೆ ಒಳಗಿನ ಕಪ್ಪು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ! ಅಡಿಗೆಕಟ್ಟೆಯ ಕಡಪ ಕಲ್ಲನ್ನು ನೆನಪಿಸಿಕೊಳ್ಳಿ. ಒಣಗಿದಾಗ ಬೂದುಬೂದಾಗಿ ಕಾಣುತ್ತದೆ, ಒದ್ದೆಬಟ್ಟೆ ಎಳೆದೊಡನೆ ಕರ್ರಗೆ. ತರಿಯಾದ ಮೇಲ್ಮೈ ಬೆಳಕನ್ನು ದಿಕ್ಕಾಪಾಲಾಗಿ ಚೆದರಿಸುತ್ತದೆ, ಅದೇ ಬಿಳುಪು. ತರಿಗಳ ಸಂದು ನೀರಿನಿಂದಲೋ ಎಣ್ಣೆಯಿಂದಲೋ ತುಂಬಿದರೆ ಕಪ್ಪು ಮತ್ತೆ ಕಾಣುತ್ತದೆ. ಗರ್ಭಗುಡಿಯ ಕಲ್ಲಿನ ವಿಗ್ರಹಕ್ಕೆ ಎಣ್ಣೆ ಹಚ್ಚಿದಾಗ ಆಗುವುದೂ ಇದೇ.

ಇದರಲ್ಲೇ ಒಂದು ಸುಲಭ ಪರೀಕ್ಷೆಯೂ ಇದೆ. ತೊಳೆದ ಬಂಪರಿನ ಮೇಲೆ ಒದ್ದೆ ಕೈ ಆಡಿಸಿ. ಒದ್ದೆ ಇರುವಷ್ಟು ಹೊತ್ತು ಕಪ್ಪಾಗಿ ಕಂಡರೆ ಅದನ್ನು ಮತ್ತೆ ಕಪ್ಪು ಮಾಡಬಹುದು. ಒದ್ದೆಯಲ್ಲೂ ಬಿಳಿಯಾಗೇ ಇದ್ದರೆ, ಇಲ್ಲವೆ ಉಗುರಿಗೆ ಸಿಗುವಂಥ ಬಿರುಕು ಕಂಡರೆ ಅದು ಎಣ್ಣೆಗೆ ಬಗ್ಗುವುದಲ್ಲ.

ಕೊಬ್ಬರಿ ಎಣ್ಣೆಯ ಪ್ರತಾಪ

ಹಾಗಾದರೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನೇ ಹಚ್ಚಿಬಿಟ್ಟರಾಯಿತಲ್ಲ? ಬಹಳ ಜನ ಹಚ್ಚುತ್ತಾರೆ. ನಮ್ಮ ಪರಿಚಯದ ಒಬ್ಬಾಕೆಯ ಭಾವಮೈದುನ ಮದುವೆ ದಿಬ್ಬಣಕ್ಕೆ ಹೊರಡುವ ಮುನ್ನ ಹೀಗೇ ಕಾರಿಗೆ ಎಣ್ಣೆಸ್ನಾನ ಮಾಡಿಸಿದ. ಹೊರಡುವಾಗ ಎಲ್ಲರೂ "ಆಹಾ, ಹೊಸದರಂತೆ ಕಾಣ್ತದಲ್ಲೋ!" ಅಂದರು. ದಾರಿಯಲ್ಲಿ ರಸ್ತೆ ಅಗೆದಿದ್ದರು. ಛತ್ರದ ಮುಂದೆ ಇಳಿಯುವ ಹೊತ್ತಿಗೆ ಬಂಪರಿಗೆ ಹುರಿಹಿಟ್ಟು ಮೆತ್ತಿದ ಹಾಗೆ ಕೆಂಪು ಧೂಳು!

ಕಾರಣ ಇಷ್ಟೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಯಂಥವು ಎಷ್ಟು ದಿನವಾದರೂ ಒಣಗಿ ಗಟ್ಟಿಯಾಗುವುದಿಲ್ಲ. ಮೇಲೇ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತವೆ. ಒಂದೆರಡು ಸಲ ತೊಳೆದರೆ ಹೋಗುತ್ತವೆ. ಕಪ್ಪು ಬೂಟ್ ಪಾಲಿಷ್ ಹಚ್ಚುವವರೂ ಉಂಟು. ನೋಡಲು ಚೆನ್ನ, ಆದರೆ ಡಿಕ್ಕಿಯಿಂದ ಚೀಲ ತೆಗೆಯಲು ಬಗ್ಗಿದಾಗ ಸೆರಗಿಗೆ ಮಸಿ. ಟೈರಿಗೆ ಹೊಡೆಯುವ ಹೊಳಪಿನ ದ್ರಾವಣವೂ ಒಂದೆರಡು ಮಳೆಯ ಚಂದವಷ್ಟೆ.

ಇನ್ನು ಸೀಮೆಎಣ್ಣೆ, ಪೆಟ್ರೋಲು, ತಿನ್ನರು? ಹತ್ತಿರ ಸುಳಿಯಬೇಡಿ. ಬೆಂಕಿಯ ಭಯ ಒಂದು. ರಬ್ಬರಿನ ಬೀಡಿಂಗು ಉಬ್ಬಿ ಹಾಳಾಗುವುದು ಇನ್ನೊಂದು. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಕನ್ನಡಿಗೂಡು, ಮುಂದಿನ ಜಾಲರಿಗಳನ್ನು ಅನೇಕ ಕಾರುಗಳಲ್ಲಿ ಎ.ಬಿ.ಎಸ್. ಎಂಬ ಬೇರೆ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಅಸಿಟೋನ್ ಬಿದ್ದರೆ ಅದು ಕರಗಿ ಅಂಟಂಟಾಗುತ್ತದೆ.

ಒಣಗುವ ಎಣ್ಣೆ ಬೇಕು

ಬೇಕಾದದ್ದು ಸಂದಿನೊಳಗೆ ಇಳಿದು, ಅಲ್ಲೇ ಒಣಗಿ, ಪೊರೆಯಾಗಿ ನಿಲ್ಲುವ ವಸ್ತು. ಅಂಥದೊಂದು ಎಣ್ಣೆ ನಮಗೆ ಹಳೆಯ ಪರಿಚಯದ್ದು, ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಸೋದರಿಯರಿಗೆ ಅಗಸಿ ಹಿಂಡಿಯನ್ನು ನಾವು ಪರಿಚಯಿಸಬೇಕೆ! ಅದೇ ಬೀಜದ ಎಣ್ಣೆಗೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಗುಣವಿದೆ. ಬಡಗಿಗಳು ಮರಕ್ಕೆ, ಹುಡುಗರು ಕ್ರಿಕೆಟ್ ಬ್ಯಾಟಿಗೆ, ಚಿತ್ರಕಾರರು ಬಣ್ಣ ಕಲಸಲು ಇದನ್ನು ಬಳಸುವುದು.

ಆದರೆ ತಿನ್ನುವ ಅಗಸೆ ಎಣ್ಣೆ ಬೇಡ. ಅದು ಒಣಗಲು ದಿನಗಟ್ಟಲೆ ಹಿಡಿದು ಅಂಟಂಟಾಗಿರುತ್ತದೆ. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್' ಎಂದು ಕೇಳಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಹಾಗಾಗಿ ಅದು ಅಡಿಗೆಮನೆಗೆ ಕಾಲಿಡಕೂಡದು. ಖಾಲಿ ಅಡಿಗೆ ಎಣ್ಣೆ ಬಾಟಲಿಗೆ ತುಂಬಿಸಿಕೊಂಡು ಬರಬೇಡಿ. ಹೆಸರು ಬರೆದು ಮಕ್ಕಳ ಕೈಗೆ ಎಟುಕದಲ್ಲಿಡಿ.

ಇದಕ್ಕೆಂದೇ ತಯಾರಾದ ಟ್ರಿಮ್ ರಿಸ್ಟೋರರ್ ಎಂಬ ದ್ರಾವಣಗಳೂ ಕಾರು ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಜಿಡ್ಡಾಗಿ ಹೊಳೆಯುವುದಕ್ಕಿಂತ ಒಣಗಿ ಗಟ್ಟಿಯಾಗುವ ಬಗೆಯದನ್ನು ಆರಿಸಿ. ಸೆರಾಮಿಕ್ ಲೇಪ ಎನ್ನುವುದು ಇವುಗಳಲ್ಲಿ ಹೆಚ್ಚು ಬಾಳಿಕೆಯದು, ಬೆಲೆಯೂ ಹೆಚ್ಚು. ಮುಂದೆ ಬಂಪರಿಗೆ ಬಣ್ಣ ಹೊಡೆಸುವ ಯೋಚನೆ ಇದ್ದರೆ ಸಿಲಿಕೋನ್ ಇರುವ ದ್ರಾವಣ ಬೇಡವೇ ಬೇಡ. ಆಮೇಲೆ ಹೊಡೆದ ಬಣ್ಣ ಸಮವಾಗಿ ಕೂರದೆ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ.

ಕೆಲಸಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಕಾರು ನೆರಳಲ್ಲಿರಲಿ, ಪ್ಲಾಸ್ಟಿಕ್ಕು ಮುಟ್ಟಿದರೆ ತಣ್ಣಗಿರಬೇಕು. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಒಂದೆರಡು ಚಮಚ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪ್ಲಾಸ್ಟಿಕ್ಕಿನ ಗೆರೆಗೆರೆಗಳಲ್ಲೂ ಉಜ್ಜಿ. ಇಲ್ಲಿ ಸೋಮಾರಿತನ ಸಲ್ಲದು. ಹಳೆಯ ಜಿಡ್ಡು ಉಳಿದರೆ ಮೇಲೆ ಹಚ್ಚಿದ್ದು ಹಿಡಿಯುವುದಿಲ್ಲ. ಕಾರಿಗೆ ಪಾಲಿಷ್ ಮಾಡುವಾಗ ಪಕ್ಕದ ಪ್ಲಾಸ್ಟಿಕ್ಕಿಗೆ ತಾಗಿ ಉಳಿದ ಬಿಳಿ ಕಲೆಗಳಿರುತ್ತವಲ್ಲ, ಅವಕ್ಕೆ ಅಡಿಗೆ ಸೋಡವನ್ನು ನೀರಲ್ಲಿ ಚಟ್ನಿಯ ಹದಕ್ಕೆ ಕಲಸಿ ಅದೇ ಬ್ರಷ್ಷಿನಿಂದ ತಿಕ್ಕಿ. ತೊಳೆದ ಮೇಲೆ ಪೂರ್ತಿ ಒಣಗಬೇಕು. ಸಂದಿನಲ್ಲಿ ನೀರು ನಿಂತಿದ್ದರೆ ಎಣ್ಣೆ ಹೇಗೆ ಇಳಿದೀತು? ಎರಡು ಗಂಟೆ ಬಿಟ್ಟು ತಿಂಡಿ ಕಾಫಿ ಮುಗಿಸಿ ಬನ್ನಿ.

ಅಂಚಿನ ಬಣ್ಣದ ಭಾಗಕ್ಕೆ ಪೇಂಟ್ ಅಂಗಡಿಯ ಕಾಗದದ ಟೇಪು ಅಂಟಿಸಿ. ಮೊದಲು ಕಾಣದ ಮೂಲೆಯಲ್ಲಿ ಒಂದು ಬೆರಳಷ್ಟು ಹಚ್ಚಿ, ಒಂದು ದಿನ ಬಿಟ್ಟು ನೋಡಿ. ಸರಿ ಕಂಡರೆ ಮುಂದುವರಿಸಿ. ಹಳೆಯ ಬನಿಯನ್ ಬಟ್ಟೆಯ ತುಂಡಿಗೆ ಎಣ್ಣೆ ಸ್ವಲ್ಪವೇ ಅದ್ದಿ, ದೋಸೆಕಲ್ಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ತಿಕ್ಕಿ. ಸಣ್ಣ ಕಾರಿಗೆಲ್ಲ ಸೇರಿ ಅರ್ಧ ಬಟ್ಟಲೂ ಬೇಡ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆಯಿರಿ. "ಇಷ್ಟು ಒರೆಸಿದರೆ ಹಚ್ಚಿದ್ದೇ ಹೋಗಲ್ವೇನ್ರೀ?" ಹೋಗುವುದಿಲ್ಲ. ಸಂದಿನಲ್ಲಿದ್ದದ್ದು ಇದ್ದೇ ಇರುತ್ತದೆ. ಒರೆಸದೆ ಬಿಟ್ಟರೆ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕು ಕಟ್ಟುತ್ತದೆ, ಆಮೇಲೆ ಕೀಳುವುದು ಕಷ್ಟ. ಒಂದು ದಿನ ಮಳೆ, ಧೂಳು ತಾಗದಂತೆ ನಿಲ್ಲಿಸಿ. ಹೀಗೆ ಮಾಡಿದ್ದು ಕೆಲವು ತಿಂಗಳು ನಿಲ್ಲುತ್ತದೆ. ಆಮೇಲೆ ಮತ್ತೆ ಹಚ್ಚಬೇಕು, ಅದನ್ನು ಮುಚ್ಚಿಡುವುದೇಕೆ?

ಆ ಬಟ್ಟೆಯ ವಿಚಾರ, ದಯವಿಟ್ಟು ಗಮನಿಸಿ

ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹೊರಬರುತ್ತದೆ. ಬಂಪರಿನ ಮೇಲೆ ತೆಳ್ಳಗಿದ್ದಾಗ ಆ ಬಿಸಿ ಗಾಳಿಗೆ ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಆದರೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದಿರೋ, ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಏರುತ್ತಾ ಏರುತ್ತಾ, ಕೆಲವು ಗಂಟೆಗಳಲ್ಲಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಡ, ಕಿಡಿ ಬೇಡ!

ಕಟ್ಟುಕತೆಯಲ್ಲ ಇದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಗಳ ಕಟ್ಟಡಕ್ಕೆ ಬೆಂಕಿ ಬಿತ್ತು. ಮರಗೆಲಸದವರು 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳೇ ಅದಕ್ಕೆ ಮೂಲ. ಬೆಂಕಿ ಆರಿಸಲು ಹೋದ ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅಷ್ಟು ದೊಡ್ಡ ಕಟ್ಟಡದ ಗತಿ ಹೀಗಾದರೆ, ನಮ್ಮ ಅಟ್ಟ, ಸ್ಟೋರ್ ರೂಮುಗಳ ಪಾಡೇನು?

ಆದ್ದರಿಂದ ಕೆಲಸ ಮುಗಿದೊಡನೆ, ಕೈ ತೊಳೆಯುವ ಮೊದಲೇ, ಆ ಬಟ್ಟೆಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಯ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಇಲ್ಲವೆ ಅಂಗಳದಲ್ಲಿ ಕಲ್ಲಿನ ಮೇಲೆ ಒಂದೊಂದನ್ನೇ ಬೇರೆ ಬೇರೆಯಾಗಿ ಹರವಿ, ಹಪ್ಪಳದಂತೆ ಗಟ್ಟಿಯಾಗುವ ತನಕ ಬಿಡಿ, ಆಮೇಲೆ ಎಸೆಯಿರಿ. ಕೊಳೆಬಟ್ಟೆಯ ಬುಟ್ಟಿಗೆ, ವಾಷಿಂಗ್ ಮಷೀನಿಗೆ, ಕಾರಿನ ಡಿಕ್ಕಿಗೆ ಮಾತ್ರ ಹಾಕಬೇಡಿ. ಮನೆಯಲ್ಲಿ ಕೆಲಸಕ್ಕೆ ಬರುವವರಿಗೂ, ಬ್ಯಾಟಿಗೆ ಎಣ್ಣೆ ಹಚ್ಚುವ ಮಗನಿಗೂ ಇದನ್ನು ಹೇಳಿ. ಇಷ್ಟು ಎಚ್ಚರ ತಮ್ಮಿಂದ ಆಗದು ಎನಿಸುವವರು ಅಂಗಡಿಯ ದ್ರಾವಣವನ್ನೇ ತರುವುದು ಲೇಸು. ಅದರ ಬಾಟಲಿಯ ಮೇಲಿನ ಎಚ್ಚರಿಕೆಯನ್ನೂ ಓದಿ.

ಹತ್ತು ಸಾವಿರದ ಮಾತು

ನಮ್ಮ ಬೀದಿಯ ಟೀಚರಮ್ಮ ಒಬ್ಬರು ಮಗಳ ಹಾಸ್ಟೆಲ್ ಖರ್ಚಿಗೆಂದು ಹಳೆಯ ಕಾರು ಮಾರಲು ಹೊರಟರು. ಬ್ರೋಕರು ಬಂದ, ಎರಡು ಸುತ್ತು ಹಾಕಿದ. "ಮೇಡಂ, ಬಂಪರ್ ಎರಡೂ ಹೋಗಿದೆ, ಸೈಡ್ ಪಟ್ಟಿನೂ ಹೋಗಿದೆ. ಹತ್ತು ಸಾವಿರ ಮುರ್ಕೊಳ್ಳಿ." ಈಕೆ ಒದ್ದೆ ಕೈ ಆಡಿಸಿ ನೋಡಿದರು. ಕಪ್ಪಾಯಿತು. "ಮುಂದಿನ ವಾರ ಬನ್ನಿ" ಅಂತ ಕಳಿಸಿಬಿಟ್ಟರು. ಭಾನುವಾರ ತಾಯಿ ಮಗಳು ಕೂತು ಮೇಲೆ ಹೇಳಿದ್ದನ್ನೆಲ್ಲ ಮಾಡಿದರು. ಮುಂದಿನ ವಾರ ಬಂದ ಬ್ರೋಕರು ಟೈರಿನ ವಿಷಯ ಎತ್ತಿದ, ಬ್ಯಾಟರಿಯ ವಿಷಯ ಎತ್ತಿದ. ಬಂಪರಿನ ಮಾತೇ ಇಲ್ಲ! ಕೊಳ್ಳಲು ಬಂದವರಿಗೆ ಮಾತ್ರ ಆಕೆ ತಾವಾಗಿಯೇ "ಪ್ಲಾಸ್ಟಿಕ್ಕಿಗೆ ಎಣ್ಣೆ ಹಚ್ಚಿದೀವಿ, ಆರು ತಿಂಗಳಿಗೊಮ್ಮೆ ಹಚ್ಚಿ" ಅಂದರಂತೆ. ಅದು ನಮಗೆ ಮೆಚ್ಚಿಗೆಯಾಯಿತು. ಬಿರುಕು ಬಿಟ್ಟದ್ದನ್ನು ಮುಚ್ಚಿ ಮಾರುವುದು ಬೇರೆ, ಇದು ಬೇರೆ.

ಮೊಬೈಲಿನಲ್ಲಿ ನೋಡಿ ಮಕ್ಕಳು ಇನ್ನೊಂದು ವಿದ್ಯೆ ಕಲಿತು ಬರಬಹುದು. ಬಿಸಿಗಾಳಿ ಕಾರುವ ಹೀಟ್ ಗನ್ ಹಿಡಿದರೆ ಬಂಪರು ಕಣ್ಣೆದುರೇ ಕಪ್ಪಾಗುತ್ತದೆ. ಹೌದು, ಆಗುತ್ತದೆ. ಆದರೆ ಈ ಪ್ಲಾಸ್ಟಿಕ್ಕು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುವಂಥದು, ಆ ಯಂತ್ರದ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ಒಂದು ಕ್ಷಣ ಕೈ ತಡೆದರೆ ಬಂಪರು ಸೊಟ್ಟಗಾಗುತ್ತದೆ, ಪಕ್ಕದ ಬಣ್ಣ ಗುಳ್ಳೆ ಏಳುತ್ತದೆ. ಆ ಕಪ್ಪೂ ಬಿಸಿಲಿಗೆ ಮತ್ತೆ ಬಿಳಿಚುತ್ತದೆ. ಮನೆಯಲ್ಲಿ ಮಾಡುವ ಕೆಲಸವಲ್ಲ ಎಂದೇ ನಮ್ಮ ಅಭಿಪ್ರಾಯ. ಕಪ್ಪು ಬಣ್ಣ ಹೊಡೆಸುವುದಾದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಮೊದಲು ಹಾಕಲು ಹೇಳಿ. ಅದಿಲ್ಲದೆ ಹೊಡೆದದ್ದು ಹಾವಿನ ಪೊರೆಯಂತೆ ಎದ್ದುಬರುತ್ತದೆ.

ಎಣ್ಣೆಯಾಗಲಿ ದ್ರಾವಣವಾಗಲಿ, ಎಲ್ಲಿ ಹಚ್ಚಬಾರದು ಎಂಬುದೂ ಮುಖ್ಯ. ಸ್ಟಿಯರಿಂಗು, ಬ್ರೇಕ್ ಪೆಡಲು, ಟೈರು ನೆಲಕ್ಕೆ ತಾಗುವ ಭಾಗ, ಗಾಜು, ವೈಪರಿನ ರಬ್ಬರು, ಇವು ಜಾರಿದರೆ ಪ್ರಾಣಕ್ಕೇ ಸಂಚಕಾರ. ಡ್ಯಾಶ್‌ಬೋರ್ಡಿಗೆ ಹೊಳಪು ತಂದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ಎದುರಿನ ರಸ್ತೆ ಮಬ್ಬಾಗುತ್ತದೆ. ಹಳದಿಗಟ್ಟಿದ ಹೆಡ್‌ಲೈಟಿಗೂ ಎಣ್ಣೆ ಕೂಡದು. ಅದು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಟೂತ್‌ಪೇಸ್ಟ್ ತಿಕ್ಕಿದರೆ ತಿಳಿಯಾಗುವುದೇನೋ ನಿಜ, ಆದರೆ ಬಿಸಿಲು ತಡೆಯುವ ಮೇಲ್ಲೇಪ ಇಲ್ಲದ್ದರಿಂದ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿಸಿ ಹೊಸ ಲೇಪ ಹಾಕಿಸಿಕೊಳ್ಳಿ. ರಾತ್ರಿ ಘಾಟಿ ಇಳಿಯುವವರು ಈ ಖರ್ಚಿಗೆ ಹಿಂದೆ ಮುಂದೆ ನೋಡಬಾರದು.

ಇನ್ನು ನೆರಳು. ಬಿಸಿಲು ಮಾಡಿದ ಕೆಡುಕನ್ನು ನೆರಳಿನಷ್ಟು ತಡೆಯುವ ಎಣ್ಣೆ ಯಾವುದೂ ಇಲ್ಲ. ಶೆಡ್ಡು ಇದ್ದರೆ ಸರಿ. ಇಲ್ಲದವರು ಗೋಡೆಯ ನೆರಳಿಗೆ ನಿಲ್ಲಿಸಿ, ದಿನವೂ ಒಂದೇ ಮಗ್ಗುಲು ಬಿಸಿಲಿಗೆ ಬೀಳದಂತೆ ಆಗಾಗ ಮೂತಿ ತಿರುಗಿಸಿ ಹಚ್ಚಿ. ಮರದಡಿ ತಂಪೇನೋ ಹೌದು, ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ತೊಳೆಯಿರಿ. ಬಟ್ಟೆಯ ಕವರು ಹೊದಿಸುವ ಪದ್ಧತಿ ಇದ್ದರೆ ಧೂಳು ಮೆತ್ತಿದ ಕಾರಿಗೆ ಹಾಗೇ ಹೊದಿಸಬೇಡಿ, ಗಾಳಿಗೆ ಆಡಿ ಬಣ್ಣದ ಮೇಲೆ ಗೀರು ಬೀಳುತ್ತದೆ. ಮೊದಲು ತೊಳೆದು, ಒರೆಸಿ, ಆಮೇಲೆ ಕವರು.